ಔಷಧದ ಅಣು ಮುರಿಯುವುದು ಎಲ್ಲಿ?

ಹಳೆಯ ಆಸ್ಪಿರಿನ್ ಡಬ್ಬಿಯ ಮುಚ್ಚಳ ತೆಗೆದರೆ ಕೆಲವೊಮ್ಮೆ ವಿನೆಗರ್‌ನ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಮಾತ್ರೆ ನೋಡಲು ಮೊದಲಿನ ಹಾಗೆಯೇ ಬೆಳ್ಳಗೆ, ದುಂಡಗೆ ಇರುತ್ತದೆ. ಆದರೆ ಆ ವಾಸನೆ ಬಂತೆಂದರೆ ಒಳಗಿನ ಆಸ್ಪಿರಿನ್‌ನಲ್ಲಿ ಒಂದು ಪಾಲು ಆಗಲೇ ಕೆಟ್ಟಿದೆ ಎಂದರ್ಥ. ಗಾಳಿಯ ತೇವ ಒಳಹೊಕ್ಕು ಅಣುವನ್ನು ಎರಡು ತುಂಡು ಮಾಡಿರುತ್ತದೆ. ಒಂದು ತುಂಡು ಸ್ಯಾಲಿಸಿಲಿಕ್ ಆಮ್ಲ, ಇನ್ನೊಂದು ಅಸಿಟಿಕ್ ಆಮ್ಲ. ವಿನೆಗರ್‌ಗೆ ಹುಳಿ ಕೊಡುವುದೂ ಈ ಎರಡನೆಯದೇ.

ಹೀಗಾಗುತ್ತದೆ ಎಂದು ತಿಳಿಯಲು ರಸಾಯನಶಾಸ್ತ್ರ ಬಲ್ಲವರಿಗೆ ಡಬ್ಬಿ ತೆರೆಯುವ ಅಗತ್ಯವೂ ಇಲ್ಲ. ಕಾಗದದ ಮೇಲೆ ಬರೆದ ಅಣುವಿನ ಚಿತ್ರ ಸಾಕು. ಇಂಗಾಲದ ಉಂಗುರ, ಸರಪಳಿಗಳಿಂದಾದ ಅಣುವಿನ ಮೈಯಲ್ಲಿ ಬಹುಪಾಲು ಭಾಗ ತನ್ನ ಪಾಡಿಗೆ ತಾನಿರುತ್ತದೆ. ಆಮ್ಲಜನಕ, ಸಾರಜನಕ, ಗಂಧಕದಂಥ ಪರಮಾಣುಗಳು ಒಂದು ನಿರ್ದಿಷ್ಟ ಕ್ರಮದಲ್ಲಿ ಕೂಡಿಕೊಂಡ ಕೆಲವೇ ಜಾಗಗಳಲ್ಲಿ ಎಲ್ಲ ಚಟುವಟಿಕೆ ನಡೆಯುತ್ತದೆ. ಶಾಲೆಯ ವಿಜ್ಞಾನದ ಪುಸ್ತಕಗಳು ಇವನ್ನು ಕ್ರಿಯಾಗುಂಪು ಎನ್ನುತ್ತವೆ. ಆಲ್ಕೊಹಾಲ್, ಆಮ್ಲ, ಎಸ್ಟರ್, ಅಮೈಡ್, ಅಮೀನ್ ಹೀಗೆ ಪ್ರತಿಯೊಂದಕ್ಕೂ ಅದರದೇ ಸ್ವಭಾವ. ಯಾವ ಗುಂಪು ನೀರಿಗೆ ಸೋಲುತ್ತದೆ, ಯಾವುದು ಗಾಳಿಗೆ, ಯಾವುದು ಬೆಳಕಿಗೆ, ಯಾವುದು ಯಕೃತ್ತಿನ ಕಿಣ್ವಗಳಿಗೆ ಎಂಬುದು ಎರಡು ಶತಮಾನಗಳ ಪ್ರಯೋಗಗಳಿಂದ ಕೂಡಿಬಂದ ತಿಳಿವಳಿಕೆ. ಔಷಧ ತಯಾರಿಸುವವರು ಹೊಸ ಅಣುವೊಂದನ್ನು ಕೈಗೆತ್ತಿಕೊಂಡಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇದರಲ್ಲಿ ಯಾವ್ಯಾವ ಗುಂಪುಗಳಿವೆ, ಅವು ಏನೇನು ಮಾಡಬಲ್ಲವು?

ಆಸ್ಪಿರಿನ್‌ನಲ್ಲಿ ಬೆಂಜೀನ್ ಉಂಗುರಕ್ಕೆ ಅಂಟಿಕೊಂಡು ಎರಡು ಗುಂಪುಗಳಿವೆ. ಒಂದು ಕಾರ್ಬಾಕ್ಸಿಲಿಕ್ ಆಮ್ಲ, ಇನ್ನೊಂದು ಎಸ್ಟರ್. ಎಸ್ಟರ್ ಎಂದ ಕೂಡಲೇ ಜಲವಿಭಜನೆ ನೆನಪಾಗಬೇಕು. ನೀರಿನ ಒಂದು ಅಣು ಬಂದು ಸೇರಿದರೆ ಎಸ್ಟರ್ ಬಂಧ ಕಡಿದುಹೋಗುತ್ತದೆ. ಲೆಕ್ಕವೂ ಕೈಬೆರಳಲ್ಲಿ ಮಾಡುವಷ್ಟು ಸರಳ. ಆಸ್ಪಿರಿನ್‌ನ ಅಣುತೂಕ 180, ನೀರಿನದು 18, ಕೂಡಿದರೆ 198. ಸ್ಯಾಲಿಸಿಲಿಕ್ ಆಮ್ಲ 138, ಅಸಿಟಿಕ್ ಆಮ್ಲ 60, ಅದೂ 198. ಮಾತ್ರೆಯ ಪುಡಿಯನ್ನು ಪರೀಕ್ಷಿಸುವ ಯಂತ್ರದಲ್ಲಿ 138 ತೂಕದ ವಸ್ತು ಕಾಣಿಸಿಕೊಂಡರೆ ಏನಾಗಿದೆ ಎಂದು ಊಹಿಸುವುದು ಕಷ್ಟವಲ್ಲ. ಅಷ್ಟು ದೊಡ್ಡ ಯಂತ್ರವೂ ಬೇಕಾಗಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಫೀನಾಲ್ ಪತ್ತೆಹಚ್ಚಲು ಬಳಸುವ ಫೆರಿಕ್ ಕ್ಲೋರೈಡ್ ದ್ರಾವಣವನ್ನು ಒಂದೆರಡು ಹನಿ ಹಾಕಿದರೆ ಸಾಕು. ಶುದ್ಧ ಆಸ್ಪಿರಿನ್ ನೇರಳೆ ಬಣ್ಣ ಕೊಡುವುದಿಲ್ಲ, ಸ್ಯಾಲಿಸಿಲಿಕ್ ಆಮ್ಲ ಕೊಡುತ್ತದೆ. ಹಿಂದೆ ಔಷಧಗಳ ಗುಣಮಟ್ಟ ನೋಡುತ್ತಿದ್ದವರು ಇದೇ ನೇರಳೆಯನ್ನು ನಂಬಿದ್ದರು.

ಆದರೆ ಗುಂಪುಗಳ ಪಟ್ಟಿ ಮಾಡಿದರಷ್ಟೇ ಭವಿಷ್ಯ ತಿಳಿಯುವುದಿಲ್ಲ. ಆಸ್ಪಿರಿನ್‌ನಲ್ಲಿ ಆ ಎರಡು ಗುಂಪುಗಳು ಅಕ್ಕಪಕ್ಕದ ಇಂಗಾಲಗಳ ಮೇಲೆ ಕುಳಿತಿವೆ. ಆಮ್ಲದ ಗುಂಪು ತನ್ನ ಹೈಡ್ರೋಜನ್ ಕಳೆದುಕೊಂಡು ಋಣ ವಿದ್ಯುದಂಶ ಪಡೆದಾಗ, ಹತ್ತಿರ ಸುಳಿದ ನೀರಿನ ಅಣುವನ್ನು ಎಸ್ಟರ್‌ನ ಮೇಲೆ ಎರಗುವಂತೆ ಹುರಿದುಂಬಿಸುತ್ತದೆ. ಕೇಂಬ್ರಿಜ್‌ನಲ್ಲಿ ಅಲನ್ ಫರ್ಷ್ಟ್ ಮತ್ತು ಆಂಥನಿ ಕರ್ಬಿ 1967ರಲ್ಲಿ ಇದನ್ನು ತೋರಿಸಿಕೊಟ್ಟರು. ಅದೇ ಎಸ್ಟರ್ ಒಂಟಿಯಾಗಿದ್ದರೆ ಇಷ್ಟು ಬೇಗ ಮುರಿಯುತ್ತಿರಲಿಲ್ಲ. ಅಂಗಡಿಯಲ್ಲಿ ಪ್ಯಾರಾಸಿಟಮಾಲ್ ಸಿರಪ್ ಸಿಗುತ್ತದೆ, ಆಸ್ಪಿರಿನ್ ಸಿರಪ್ ಸಿಗುವುದಿಲ್ಲ. ನೀರಿನಲ್ಲಿ ಕರಗಿಸುವ ಆಸ್ಪಿರಿನ್ ಬೇಕಿದ್ದರೂ ಅದನ್ನು ಕುಡಿಯುವ ಹೊತ್ತಿಗೆ ಕರಗಿಸಬೇಕು. ಅದಕ್ಕೆ ಕಾರಣ ಈ ನೆರೆಹೊರೆ.

ಇನ್ನು ಇದರ ಅಚ್ಚರಿಯ ಭಾಗ. ಡಬ್ಬಿಯಲ್ಲಿ ಆಸ್ಪಿರಿನ್ನನ್ನು ಕೆಡಿಸುವ ಆ ಎಸ್ಟರ್‌ನ ದೌರ್ಬಲ್ಯವೇ ರಕ್ತದಲ್ಲಿ ಅದರ ಶಕ್ತಿ. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಶುದ್ಧ ಆಸ್ಪಿರಿನ್ ತಯಾರಿಸಿದಾಗ ಅದು ಹೇಗೆ ಕೆಲಸ ಮಾಡುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. 1971ರಲ್ಲಿ ಜಾನ್ ವೇನ್, ಅದು ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳ ತಯಾರಿಕೆಯನ್ನು ತಡೆಯುತ್ತದೆಂದು ಕಂಡುಹಿಡಿದರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ತಡೆಯುವ ಬಗೆ ಹೀಗೆ: ಎಸ್ಟರ್‌ನ ಅಸಿಟೈಲ್ ತುಂಡು ನೀರಿಗೆ ಹೋಗುವ ಬದಲು ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವದಲ್ಲಿರುವ ಸಿರೀನ್ ಎಂಬ ಅಮೈನೋ ಆಮ್ಲಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಅಂಟಿದ್ದು ಬಿಡುವುದಿಲ್ಲ, ಕಿಣ್ವ ಕೈಕಟ್ಟಿ ಕೂರುತ್ತದೆ. ರಕ್ತದ ಪ್ಲೇಟ್‌ಲೆಟ್‌ಗಳಿಗೆ ಕೋಶಕೇಂದ್ರ ಇಲ್ಲದ ಕಾರಣ ಹೊಸ ಕಿಣ್ವ ಮಾಡಿಕೊಳ್ಳುವ ದಾರಿ ಇಲ್ಲ. ಬದುಕಿರುವ ಎಂಟು ಹತ್ತು ದಿನವೂ ಅವು ಹಾಗೇ ಇರುತ್ತವೆ. ಹೃದ್ರೋಗಿಗಳಿಗೆ ದಿನಕ್ಕೆ 75 ಮಿಲಿಗ್ರಾಂನ ಪುಟ್ಟ ಮಾತ್ರೆ ಸಾಕಾಗುವುದು ಇದರಿಂದಲೇ.

ಪೆನಿಸಿಲಿನ್‌ನ ಕಥೆಯಲ್ಲಿ ಈ ಇಬ್ಬಗೆ ಇನ್ನೂ ತೀವ್ರ. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಕಂಡ ಈ ವಸ್ತುವಿನ ರಚನೆಯ ಬಗ್ಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ದೊಡ್ಡ ಜಗಳವೇ ನಡೆದಿತ್ತು. ನಾಲ್ಕು ಪರಮಾಣುಗಳ ಉಂಗುರವೊಂದು ಅದರಲ್ಲಿದೆ ಎಂದರೆ ಆಕ್ಸ್‌ಫರ್ಡ್‌ನ ರಾಬರ್ಟ್ ರಾಬಿನ್‌ಸನ್‌ರಂಥ ಘಟಾನುಘಟಿಗಳೇ ಒಪ್ಪಲಿಲ್ಲ. ಡೊರೋತಿ ಹಾಡ್ಜ್‌ಕಿನ್ 1945ರಲ್ಲಿ ಎಕ್ಸ್-ರೇ ಮೂಲಕ ಹರಳಿನ ಒಳಗಿನ ಪರಮಾಣುಗಳ ಜಾಗ ಗುರುತಿಸಿ ಜಗಳ ಮುಗಿಸಿದರು. ಉಂಗುರ ನಾಲ್ಕು ಪರಮಾಣುಗಳದ್ದೇ ಆಗಿತ್ತು. ಅದರ ಹೆಸರು ಬೀಟಾ ಲ್ಯಾಕ್ಟಮ್.

ಒಪ್ಪದಿದ್ದವರ ಅನುಮಾನಕ್ಕೂ ಆಧಾರ ಇತ್ತು. ಸಾಮಾನ್ಯ ಅಮೈಡ್ ಬಂಧ ಬಲು ಗಟ್ಟಿ. ನಮ್ಮ ಮೈಯ ಪ್ರೋಟೀನುಗಳೆಲ್ಲ ನಿಂತಿರುವುದು ಅದರ ಮೇಲೆ. ಆದರೆ ನಾಲ್ಕು ಪರಮಾಣುಗಳ ಉಂಗುರದಲ್ಲಿ ಬಂಧಗಳು ಸುಮಾರು 90 ಡಿಗ್ರಿ ಕೋನಕ್ಕೆ ಬಾಗಬೇಕು. ಆ ಪರಮಾಣುಗಳಿಗೆ ಹಾಯೆನಿಸುವ ಕೋನ ಅದಕ್ಕಿಂತ ಎಷ್ಟೋ ಹೆಚ್ಚು. ಬಗ್ಗಿಸಿ ಹಿಡಿದ ಬಿಲ್ಲಿನ ಹಾಗೆ ಅಲ್ಲಿ ಬಿಗಿತ ತುಂಬಿಕೊಂಡಿರುತ್ತದೆ. ಒಂದು ನೆಪ ಸಿಕ್ಕರೂ ಉಂಗುರ ತೆರೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಹೆಣೆಯಲು ಬಳಸುವ ಕಿಣ್ವದ ಸಿರೀನ್ ಹತ್ತಿರ ಬಂದರೆ ಉಂಗುರ ತೆರೆದು ಅದಕ್ಕೇ ಅಂಟುತ್ತದೆ, ಭಿತ್ತಿಯ ಕೆಲಸ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ಜಠರದ ಆಮ್ಲ ಸಿಕ್ಕರೂ ತೆರೆಯುತ್ತದೆ. ಮೊದಲ ಪೆನಿಸಿಲಿನ್‌ಗಳನ್ನು ನುಂಗಿಸದೆ ಚುಚ್ಚುಮದ್ದಾಗಿ ಕೊಡುತ್ತಿದ್ದುದು ಅದಕ್ಕೇ. ಬರೀ ನೀರು ಸಿಕ್ಕರೂ ನಿಧಾನವಾಗಿ ತೆರೆಯುತ್ತದೆ.

ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಬಾಟಲಿಯ ತಳದಲ್ಲಿ ಒಣ ಪುಡಿ ಮಾತ್ರ ಇರುವುದನ್ನು ಎಲ್ಲ ತಾಯಂದಿರೂ ನೋಡಿರುತ್ತಾರೆ. ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ತುಂಬಿ, ಕುಲುಕಿ, ಸಾಮಾನ್ಯವಾಗಿ 7 ದಿನದೊಳಗೆ ಮುಗಿಸಬೇಕು. ನೀರು ಬಿದ್ದ ಗಳಿಗೆಯಿಂದ ಬೀಟಾ ಲ್ಯಾಕ್ಟಮ್ ಉಂಗುರಗಳು ಒಂದೊಂದಾಗಿ ತೆರೆದುಕೊಳ್ಳತೊಡಗುತ್ತವೆ. ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಎತ್ತಿಟ್ಟರೆ ಬಾಟಲಿಯಲ್ಲಿ ದ್ರವ ಇರುತ್ತದೆ, ಔಷಧದ ಬಲ ಮಾತ್ರ ಇಳಿದಿರುತ್ತದೆ. ಅರ್ಧಂಬರ್ಧ ಬಲದ ಆಂಟಿಬಯಾಟಿಕ್ ಕುಡಿಸುವುದು ಮಗುವಿಗೂ ಒಳ್ಳೆಯದಲ್ಲ, ಊರಿಗೂ ಒಳ್ಳೆಯದಲ್ಲ.

ಬ್ಯಾಕ್ಟೀರಿಯಾಗಳೂ ಈ ಉಂಗುರದ ದೌರ್ಬಲ್ಯವನ್ನು ಬಲ್ಲವು. ಅದನ್ನು ನೀರಿನಿಂದ ಒಡೆಯುವ ಕಿಣ್ವವೊಂದು ಅವುಗಳ ಬಳಿ ಇದೆ ಎಂದು ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ 1940ರಲ್ಲೇ ಬರೆದಿದ್ದರು. ಪೆನಿಸಿಲಿನ್ ಆಗ ಇನ್ನೂ ಆಸ್ಪತ್ರೆಗಳನ್ನು ತಲುಪಿರಲಿಲ್ಲ. ಅದಕ್ಕೆ ಸಿಕ್ಕ ಒಂದು ಉತ್ತರ ಕ್ಲಾವುಲಾನಿಕ್ ಆಮ್ಲ. ಅದರಲ್ಲೂ ಬೀಟಾ ಲ್ಯಾಕ್ಟಮ್ ಉಂಗುರವಿದೆ. ಬ್ಯಾಕ್ಟೀರಿಯಾದ ಕಿಣ್ವ ಅದನ್ನು ಕಚ್ಚಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅಮಾಕ್ಸಿಸಿಲಿನ್ ಬಚಾವಾಗುತ್ತದೆ. ತೇವ ಕಂಡರೆ ಕ್ಲಾವುಲಾನಿಕ್ ಆಮ್ಲಕ್ಕೆ ಆಗಿಬರುವುದಿಲ್ಲ, ಆ ಮಾತ್ರೆಗಳನ್ನು ದಪ್ಪ ಅಲ್ಯುಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಮುಚ್ಚಿರುತ್ತಾರೆ.

ಮಾತ್ರೆಯೊಳಗೆ ಔಷಧ ಒಂಟಿಯಾಗಿ ಇರುವುದೂ ಇಲ್ಲ. ಐದು ಮಿಲಿಗ್ರಾಂ ಔಷಧವನ್ನು ಕೈಗೆ ಸಿಗುವಷ್ಟು ದೊಡ್ಡ ಮಾತ್ರೆ ಮಾಡಲು ಲ್ಯಾಕ್ಟೋಸ್, ಪಿಷ್ಟ, ಸೆಲ್ಯುಲೋಸ್ ಪುಡಿಗಳನ್ನು ಬೆರೆಸುತ್ತಾರೆ. ಇವು ನಿರುಪದ್ರವಿ ಎಂದೇ ಲೆಕ್ಕ. ಔಷಧದಲ್ಲಿ ಅಮೀನ್ ಗುಂಪಿದ್ದರೆ ಆ ಲೆಕ್ಕ ತಪ್ಪಬಹುದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್‌ಗೂ ಅಮೀನ್‌ಗೂ ಕೂಡಿಕೊಳ್ಳುವ ಗುಣ ಇದೆ. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಯೇ ಕಾವಲಿಯ ಮೇಲೆ ದೋಸೆಯನ್ನು ಕೆಂಪಗೆ ಮಾಡುವುದು. ಮಾತ್ರೆಯಲ್ಲಿ ಅದು ತಿಂಗಳುಗಟ್ಟಲೆ ಎಳೆದುಕೊಂಡು ನಡೆಯುತ್ತದೆ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಲ್ಯಾಕ್ಟೋಸ್ ಜೊತೆಗಿದ್ದರೆ ಹೀಗಾಗುತ್ತದೆಂದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಪರಿಹಾರ ಸರಳ: ಅಂಥ ಔಷಧಕ್ಕೆ ಲ್ಯಾಕ್ಟೋಸ್ ಬಿಟ್ಟು ಬೇರೆ ಪುಡಿ ಆಯ್ದುಕೊಳ್ಳುವುದು. ಆದರೆ ಅದು ಮೊದಲೇ ಹೊಳೆದಿರಬೇಕು.

ಗಾಳಿ ಮತ್ತು ಬೆಳಕಿನ ಕೆಲಸವೂ ಹೀಗೆಯೇ. ಅಡ್ರಿನಲಿನ್‌ನಲ್ಲಿ ಒಂದೇ ಉಂಗುರದ ಮೇಲೆ ಎರಡು ಹೈಡ್ರಾಕ್ಸಿಲ್ ಗುಂಪುಗಳು ಪಕ್ಕಪಕ್ಕ ಇವೆ. ಗಾಳಿಯ ಆಮ್ಲಜನಕ ತಾಗಿದರೆ ಬಣ್ಣವಿಲ್ಲದ ದ್ರಾವಣ ಗುಲಾಬಿಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ತಿರುಗಿದ ಆಂಪೂಲನ್ನು ನರ್ಸ್ ಎಸೆಯುತ್ತಾರೆ. ರಕ್ತದೊತ್ತಡದ ನಿಫೆಡಿಪಿನ್‌ನಲ್ಲಿರುವ ನೈಟ್ರೋ ಗುಂಪು ಬೆಳಕಿಗೆ ಸೋಲುತ್ತದೆ.

ಊಹಿಸಿದ್ದು ಸರಿಯೇ ಎಂದು ನೋಡಲು ಔಷಧ ಕಂಪನಿಗಳು ಅಣುವಿಗೆ ಬೇಕೆಂದೇ ಹಿಂಸೆ ಕೊಡುತ್ತವೆ. ಆಮ್ಲದಲ್ಲಿ ನೆನೆಸುತ್ತಾರೆ, ಕ್ಷಾರದಲ್ಲಿ ಇಡುತ್ತಾರೆ, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುತ್ತಾರೆ, ಕಾಯಿಸುತ್ತಾರೆ, ತೀಕ್ಷ್ಣ ಬೆಳಕಿಗೆ ಒಡ್ಡುತ್ತಾರೆ. ಆಮೇಲೆ ಏನೇನು ತುಂಡುಗಳು ಬಂದಿವೆ ಎಂದು ತೂಕ ನೋಡುತ್ತಾರೆ. ಮೂಲ ತೂಕಕ್ಕಿಂತ 16 ಹೆಚ್ಚಿದ್ದರೆ ಒಂದು ಆಮ್ಲಜನಕ ಸೇರಿದೆ, 18 ಹೆಚ್ಚಿದ್ದರೆ ನೀರು ಸೇರಿದೆ ಎಂದು ಮೊದಲ ನೋಟಕ್ಕೇ ಅಂದಾಜು. ಬಳಿಕ ತಯಾರಾದ ಮಾತ್ರೆಯನ್ನೇ 40 ಡಿಗ್ರಿ ಸೆಲ್ಸಿಯಸ್, ಶೇ 75 ಆರ್ದ್ರತೆಯ ಪೆಟ್ಟಿಗೆಯಲ್ಲಿ ಆರು ತಿಂಗಳು ಇಡುವುದು ಅಂತರರಾಷ್ಟ್ರೀಯ ಪದ್ಧತಿ. ಇದರ ಜೊತೆಗೆ ದೀರ್ಘಾವಧಿಯ ಪರೀಕ್ಷೆಯೂ ಇದೆ. ತಂಪು ದೇಶಗಳಿಗೆ ಅದು 25 ಡಿಗ್ರಿಯಲ್ಲಿ, ಭಾರತದಂಥ ಬಿಸಿ ದೇಶಗಳಿಗೆ 30 ಡಿಗ್ರಿಯಲ್ಲಿ. ಮಂಗಳೂರಿನ ಮಳೆಗಾಲಕ್ಕೂ ಕಲಬುರಗಿಯ ಮೇ ತಿಂಗಳಿಗೂ ಒಂದೇ ಸ್ಟ್ರಿಪ್ ತಡೆದುಕೊಳ್ಳಬೇಕು. ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರಗಳ ಸೂಚನೆ ಈ ಪರೀಕ್ಷೆಗಳ ತೀರ್ಪು. ಬಚ್ಚಲುಮನೆಯ ಕಪಾಟಿನಲ್ಲೋ ಬಿಸಿಲಿಗೆ ನಿಂತ ಕಾರಿನಲ್ಲೋ ಮಾತ್ರೆ ಇಡಬಾರದೆಂಬುದಕ್ಕೆ ಬೇರೆ ಕಾರಣ ಬೇಕಿಲ್ಲ.

ಮಾತ್ರೆ ನುಂಗಿದ ಮೇಲೆ ಊಹೆ ಕಷ್ಟವಾಗುತ್ತದೆ. ಡಬ್ಬಿಯಲ್ಲಿದ್ದಾಗ ನೀರು, ಗಾಳಿ, ಬೆಳಕು, ಬಿಸಿಯ ಲೆಕ್ಕ ಸಾಕು. ಯಕೃತ್ತಿನಲ್ಲಿ ಕಿಣ್ವಗಳ ದಂಡೇ ಕಾದಿರುತ್ತದೆ. 1842ರಷ್ಟು ಹಿಂದೆಯೇ ಜರ್ಮನಿಯ ವಿಲ್ಹೆಲ್ಮ್ ಕೆಲ್ಲರ್ ತಾವೇ ಬೆಂಜೋಯಿಕ್ ಆಮ್ಲ ಸೇವಿಸಿ, ಮೂತ್ರದಲ್ಲಿ ಅದು ಹಿಪ್ಪ್ಯೂರಿಕ್ ಆಮ್ಲವಾಗಿ ಹೊರಬರುವುದನ್ನು ಕಂಡಿದ್ದರು. ದೇಹ ಅದಕ್ಕೆ ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು ಜೋಡಿಸಿ ಕಳಿಸಿತ್ತು. ವೇಲ್ಸ್‌ನವರಾದ ಆರ್. ಟಿ. ವಿಲಿಯಮ್ಸ್ 1947ರಲ್ಲಿ ಇಂಥ ನೂರಾರು ವಿವರಗಳನ್ನು ಒಂದು ಪುಸ್ತಕಕ್ಕೆ ತಂದರು. ಅವರು ಹಾಕಿಕೊಟ್ಟ ಎರಡು ಹಂತಗಳ ಚೌಕಟ್ಟನ್ನು ಇಂದಿಗೂ ಫಾರ್ಮಸಿ ಕಾಲೇಜುಗಳಲ್ಲಿ ಕಲಿಸುತ್ತಾರೆ. ಮೊದಲ ಹಂತದಲ್ಲಿ ದೇಹ ಅಣುವಿಗೆ ಒಂದು ಹಿಡಿಕೆ ಮಾಡಿಕೊಳ್ಳುತ್ತದೆ, ಎರಡನೆಯದರಲ್ಲಿ ಆ ಹಿಡಿಕೆಗೆ ನೀರಿನಲ್ಲಿ ಕರಗುವ ವಸ್ತುವನ್ನು ಕಟ್ಟಿ ಮೂತ್ರದ ದಾರಿ ತೋರಿಸುತ್ತದೆ.

ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ತಯಾರಿಸುವ ಡೋಲೊ 650 ಕೋವಿಡ್ ಕಾಲದಲ್ಲಿ ಮನೆಮಾತಾಯಿತು. ಅದರಲ್ಲಿರುವುದು ಪ್ಯಾರಾಸಿಟಮಾಲ್. ಅದರ ಅಮೈಡ್ ಬಂಧಕ್ಕೆ ಪೆನಿಸಿಲಿನ್‌ನ ಉಂಗುರದಂಥ ಬಿಗಿತವಿಲ್ಲ, ಹಾಗಾಗಿ ಸ್ಟ್ರಿಪ್ಪಿನಲ್ಲಿ ವರ್ಷಗಟ್ಟಲೆ ತಣ್ಣಗಿರುತ್ತದೆ. ದೇಹದೊಳಗೆ ಅದರ ಹೈಡ್ರಾಕ್ಸಿಲ್ ಗುಂಪಿಗೆ ಯಕೃತ್ತು ಸಕ್ಕರೆಯ ಆಮ್ಲವನ್ನೋ ಸಲ್ಫೇಟನ್ನೋ ಕಟ್ಟಿ ಬಹುಪಾಲನ್ನು ಹೊರಗೆ ಕಳಿಸುತ್ತದೆ. ಒಂದು ಚಿಕ್ಕ ಪಾಲು ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಕಿಣ್ವವೊಂದು ಅದನ್ನು ಉತ್ಕರ್ಷಿಸಿ, ಕ್ವಿನೋನ್ ಇಮೀನ್ ಎಂಬ ಹಸಿದ ಅಣುವನ್ನಾಗಿ ಮಾಡುತ್ತದೆ. ಅದು ಗಂಧಕದ ಗುಂಪು ಎಲ್ಲಿ ಕಂಡರೂ ಹೋಗಿ ಅಂಟುವ ಸ್ವಭಾವದ್ದು. ಯಕೃತ್ತಿನಲ್ಲಿ ಗ್ಲುಟಥಯೋನ್ ಎಂಬ ಗಂಧಕವುಳ್ಳ ರಕ್ಷಕ ಇರುವವರೆಗೆ ತೊಂದರೆಯಿಲ್ಲ. ಮಾತ್ರೆ ಮಿತಿಮೀರಿದರೆ ಆ ರಕ್ಷಕ ತೀರಿಹೋಗುತ್ತದೆ. ಆಗ ಅದು ಯಕೃತ್ತಿನ ಪ್ರೋಟೀನುಗಳ ಗಂಧಕಕ್ಕೇ ಅಂಟಿ ಕೋಶಗಳನ್ನು ಕೊಲ್ಲುತ್ತದೆ. ಅಮೆರಿಕದ ವಿಜ್ಞಾನಿಗಳು 1973ರಲ್ಲಿ ಈ ದಾರಿಯನ್ನು ಬಿಡಿಸಿಟ್ಟರು. ಆಸ್ಪತ್ರೆಗಳಲ್ಲಿ ಕೊಡುವ ಪ್ರತ್ಯೌಷಧ ಎನ್-ಅಸಿಟೈಲ್ ಸಿಸ್ಟೀನ್ ಕೂಡ ಈ ಲೆಕ್ಕದಿಂದಲೇ ಹುಟ್ಟಿದ್ದು. ಗಂಧಕ ತೀರಿದ್ದರೆ ಗಂಧಕವನ್ನೇ ಕೊಡುವುದು. ಆರೋಗ್ಯವಂತ ವಯಸ್ಕರಿಗೆ ಪ್ಯಾರಾಸಿಟಮಾಲ್‌ನ ದಿನದ ಮಿತಿ 4 ಗ್ರಾಂ ಎನ್ನುತ್ತಾರೆ. 650ರ ಆರು ಮಾತ್ರೆಗೇ 3.9 ಗ್ರಾಂ ಆಗುತ್ತದೆ. ಶೀತದ ಮಾತ್ರೆಯಲ್ಲೂ ಮೈಕೈ ನೋವಿನ ಮಾತ್ರೆಯಲ್ಲೂ ಇದೇ ಪ್ಯಾರಾಸಿಟಮಾಲ್ ಸೇರಿಕೊಂಡಿರುವುದನ್ನು ಜನ ಗಮನಿಸುವುದೇ ಇಲ್ಲ, ಅದು ನಿಜವಾಗಿ ಆತಂಕದ ಸಂಗತಿ.

ದೇಹ ಮಾಡುವ ಬದಲಾವಣೆ ಕೆಲವೊಮ್ಮೆ ಔಷಧವನ್ನೇ ಹುಟ್ಟಿಸುತ್ತದೆ. 1930ರ ದಶಕದಲ್ಲಿ ಗೆರ್ಹಾರ್ಡ್ ಡೊಮಾಕ್ ಪರೀಕ್ಷಿಸಿದ ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣದ ವಸ್ತು ಗಾಜಿನ ನಳಿಕೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಏನೂ ಮಾಡುತ್ತಿರಲಿಲ್ಲ, ಇಲಿಯೊಳಗೆ ಮಾತ್ರ ಪವಾಡ ಮಾಡುತ್ತಿತ್ತು. ಪ್ಯಾರಿಸ್ಸಿನ ಪ್ಯಾಶ್ಚರ್ ಸಂಸ್ಥೆಯವರು 1935ರಲ್ಲಿ ಗುಟ್ಟು ಬಿಡಿಸಿದರು. ಅದರ ಅಜೋ ಗುಂಪು ದೇಹದಲ್ಲಿ ಕಡಿದು, ಸಲ್ಫಾನಿಲಮೈಡ್ ಎಂಬ ಬಣ್ಣವಿಲ್ಲದ ತುಂಡು ಹೊರಬರುತ್ತಿತ್ತು. ಕೆಲಸ ಮಾಡುತ್ತಿದ್ದುದು ಆ ತುಂಡು.

ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡಿನ್‌ನದೂ ಅಂಥದೇ ಕಥೆ, ಆದರೆ ಹೆಚ್ಚು ಬೆಲೆ ತೆತ್ತು ಕಲಿತದ್ದು. ಯಕೃತ್ತಿನ ಕಿಣ್ವ ಅದರ ಒಂದು ಮೀಥೈಲ್ ತುದಿಯನ್ನು ಆಮ್ಲದ ಗುಂಪಾಗಿ ಮಾರ್ಪಡಿಸುತ್ತಿತ್ತು. ರೋಗಿಯ ಸೀನು ನಿಲ್ಲಿಸುತ್ತಿದ್ದುದು ಮುಖ್ಯವಾಗಿ ಹೀಗೆ ಮಾರ್ಪಟ್ಟ ರೂಪ. ಕಿಟೊಕೊನಜೋಲ್‌ನಂಥ ಔಷಧ ಜೊತೆಗಿದ್ದರೆ ಆ ಕಿಣ್ವಕ್ಕೆ ತಡೆ ಬೀಳುತ್ತಿತ್ತು, ಟರ್ಫೆನಡಿನ್ ಹಾಗೆಯೇ ರಕ್ತದಲ್ಲಿ ತುಂಬಿ ಹೃದಯದ ಬಡಿತವನ್ನು ಅಪಾಯಕರವಾಗಿ ಏರುಪೇರು ಮಾಡುತ್ತಿತ್ತು. ಮಾರ್ಪಟ್ಟ ರೂಪವನ್ನೇ ನೇರವಾಗಿ ಮಾತ್ರೆ ಮಾಡಿದರೆ? ಅದೇ ಫೆಕ್ಸೊಫೆನಡಿನ್, ಅಲೆಗ್ರಾ ಹೆಸರಿನಲ್ಲಿ ಔಷಧದಂಗಡಿಗಳಲ್ಲಿ ಸಿಗುವುದು. ಅಮೆರಿಕದಲ್ಲಿ ಅದಕ್ಕೆ 1996ರಲ್ಲಿ ಒಪ್ಪಿಗೆ ಸಿಕ್ಕಿತು, 1998ರಲ್ಲಿ ಟರ್ಫೆನಡಿನ್ ಅಲ್ಲಿಯ ಮಾರುಕಟ್ಟೆಯಿಂದ ಹೊರಗೆ ಹೋಯಿತು.

ಊಹೆಯ ಶಕ್ತಿಯನ್ನು ಇನ್ನೊಂದು ತುದಿಯಿಂದ ತೋರಿಸುವ ಉದಾಹರಣೆ ಅಟ್ರಾಕ್ಯೂರಿಯಂ. ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು ಅರಿವಳಿಕೆ ವೈದ್ಯರು ಕೊಡುವ ಔಷಧ ಇದು. ಇದಕ್ಕಿಂತ ಹಿಂದಿನ ಹಲವು ಔಷಧಗಳು ಮೂತ್ರಪಿಂಡ, ಯಕೃತ್ತುಗಳ ಮೂಲಕವೇ ದೇಹ ಬಿಡಬೇಕಿತ್ತು. ಆ ಅಂಗಗಳು ಕೆಟ್ಟಿದ್ದ ರೋಗಿಯಲ್ಲಿ ಔಷಧದ ಪ್ರಭಾವ ಇಳಿಯುವುದೇ ತಡವಾಗುತ್ತಿತ್ತು, ತಾನಾಗಿ ಉಸಿರಾಡಲು ಅಷ್ಟು ಹೊತ್ತು ಆಗುತ್ತಿರಲಿಲ್ಲ. ಗ್ಲಾಸ್ಗೋದ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಜಾನ್ ಸ್ಟೆನ್‌ಲೇಕ್ ಕೇಳಿದ ಪ್ರಶ್ನೆ ಬೇರೆ. ಯಾವ ಅಂಗದ ನೆರವೂ ಬೇಡದೆ, ರಕ್ತದಲ್ಲೇ ತಾನಾಗಿ ಮುರಿದುಬೀಳುವ ಅಣುವನ್ನು ಕಟ್ಟಲು ಸಾಧ್ಯವೇ?

ಅವರ ನೆನಪಿಗೆ ಬಂದದ್ದು 1851ರಲ್ಲಿ ಆಗಸ್ಟ್ ಹಾಫ್‌ಮನ್ ವಿವರಿಸಿದ್ದ ಒಂದು ಕ್ರಿಯೆ. ನಾಲ್ಕು ಇಂಗಾಲಗಳಿಗೆ ಕೂಡಿಕೊಂಡು ಧನ ವಿದ್ಯುದಂಶ ಪಡೆದ ಸಾರಜನಕ ಕ್ಷಾರದ ಸಮ್ಮುಖದಲ್ಲಿ ಅಣುವಿನಿಂದ ಕಳಚಿಹೋಗುತ್ತದೆ. ಸ್ನಾಯು ಸಡಿಲಿಸುವ ಔಷಧಗಳಿಗೆ ಅಂಥ ಸಾರಜನಕ ಬೇಕೇ ಬೇಕು. ತೊಂದರೆ ಏನೆಂದರೆ ಹಾಫ್‌ಮನ್ ಕ್ರಿಯೆಗೆ ಸಾಮಾನ್ಯವಾಗಿ ಪ್ರಬಲ ಕ್ಷಾರ ಮತ್ತು ಕುದಿಯುವಷ್ಟು ಬಿಸಿ ಬೇಕು, ರಕ್ತದಲ್ಲಿ ಎರಡೂ ಇಲ್ಲ. ಆದರೆ ಲೆಬನಾನಿನ ಗಿಡವೊಂದರಲ್ಲಿ ಸಿಗುವ ಪೆಟಲೀನ್ ಎಂಬ ವಸ್ತು ಬಹಳ ಮೃದು ಸನ್ನಿವೇಶದಲ್ಲೇ ಹೀಗೆ ಕಳಚಿಕೊಳ್ಳುವುದನ್ನು ಸ್ಟೆನ್‌ಲೇಕ್ ತಂಡ ಕಂಡಿತ್ತು. ಅಂದರೆ ಸುತ್ತಲಿನ ರಚನೆ ಸರಿಯಾಗಿದ್ದರೆ ಕ್ರಿಯೆ ಸಲೀಸಾಗುತ್ತದೆ. ಸಾರಜನಕದಿಂದ ಎರಡು ಇಂಗಾಲಗಳಾಚೆ ಎಸ್ಟರ್ ಗುಂಪೊಂದನ್ನು ಇಟ್ಟರೆ ಅದು ಇಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆದು ಪಕ್ಕದ ಹೈಡ್ರೋಜನ್ನನ್ನು ಸಡಿಲ ಮಾಡುತ್ತದೆ. ಆಗ ರಕ್ತದ 7.4ರ ಪಿಎಚ್, 37 ಡಿಗ್ರಿ ಬಿಸಿಯೇ ಸಾಕಾಗುತ್ತದೆ. ಕಾಗದದ ಮೇಲಿನ ಈ ಲೆಕ್ಕ ರೋಗಿಯ ಮೈಯಲ್ಲಿ ನಿಜವಾಯಿತು. ಅಟ್ರಾಕ್ಯೂರಿಯಂ ಸುಮಾರು 20 ನಿಮಿಷಕ್ಕೆ ಅರ್ಧದಷ್ಟಾಗುತ್ತದೆ. ಮೂತ್ರಪಿಂಡ ಕಸಿಯಂಥ ಶಸ್ತ್ರಚಿಕಿತ್ಸೆಗಳಲ್ಲಿ ಅದು ವರವಾಯಿತು. ರಕ್ತದಲ್ಲಿ ಮುರಿಯುವಂಥದ್ದು ಆಂಪೂಲಿನಲ್ಲೂ ಮುರಿಯಬೇಕಲ್ಲವೇ? ಅದಕ್ಕೇ ಅದನ್ನು ಆಮ್ಲೀಯ ದ್ರಾವಣದಲ್ಲಿ ಕರಗಿಸಿ, 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲಿ ಇಡುತ್ತಾರೆ. ಕಳಚಿದ ಮೇಲೆ ಉಳಿಯುವ ಲಾಡನೊಸಿನ್ ಎಂಬ ತುಂಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕಾಯಿತು. ಪ್ರಾಣಿಗಳಲ್ಲಿ ಅದರ ಪ್ರಮಾಣ ಬಹಳ ಹೆಚ್ಚಾದಾಗ ಸೆಳವು ಬರುತ್ತಿತ್ತು.

ಈಗ ಇಂಥ ಊಹೆಗೆ ಕಂಪ್ಯೂಟರ್ ಜೊತೆಯಾಗಿದೆ. ಹಾರ್ವರ್ಡ್‌ನ ಇ. ಜೆ. ಕೋರಿ ಮತ್ತು ಟಾಡ್ ವಿಪ್ಕೆ 1969ರಲ್ಲಿ, ಅಣುವಿನ ಚಿತ್ರ ಕೊಟ್ಟರೆ ಅದನ್ನು ತಯಾರಿಸುವ ದಾರಿ ಹುಡುಕುವ ಕಾರ್ಯಕ್ರಮವನ್ನು ಪ್ರಕಟಿಸಿದರು. ಆ ಪರಂಪರೆಯಲ್ಲೇ ಬೆಳೆದ ಲೀಡ್ಸ್‌ನ ಲಾಸಾ ಸಂಸ್ಥೆ, ಔಷಧ ಹೇಗೆ ಕೆಡಬಹುದೆಂದು ಹೇಳುವ ಝೆನಿತ್ ಎಂಬ ತಂತ್ರಾಂಶ ಮಾಡಿದೆ. ಅದು ಅಣುವಿನಲ್ಲಿ ಕ್ರಿಯಾಗುಂಪುಗಳನ್ನು ಗುರುತಿಸಿ, ನೀರು, ಗಾಳಿ, ಬೆಳಕು, ಜೊತೆಯ ಪುಡಿಗಳ ಎದುರು ನಿಯಮಗಳನ್ನು ಹೊಂದಿಸಿ, ಸಾಧ್ಯವಿರುವ ತುಂಡುಗಳ ಪಟ್ಟಿ ಕೊಡುತ್ತದೆ. ಪಟ್ಟಿ ಉದ್ದವಾಗುವುದೇ ಇಂಥ ವಿಧಾನದ ತೊಡಕು. ಆಗಬಹುದಾದದ್ದು ಹತ್ತಾರು, ಆಗುವುದು ಎರಡೋ ಮೂರೋ. ಯಾವುದು ಎಷ್ಟು ಬೇಗ ಆಗುತ್ತದೆ ಎಂಬುದನ್ನು ಮನುಷ್ಯರೇ ತೂಗಿ ನೋಡಬೇಕು. 2019ರಲ್ಲಿ ಬಂದ ಮಾಲಿಕ್ಯುಲರ್ ಟ್ರಾನ್ಸ್‌ಫಾರ್ಮರ್ ಎಂಬ ತಂತ್ರಾಂಶ ನಿಯಮಗಳನ್ನೇ ಕೇಳುವುದಿಲ್ಲ. ಪೇಟೆಂಟುಗಳಲ್ಲಿ ದಾಖಲಾದ ಲಕ್ಷಾಂತರ ಕ್ರಿಯೆಗಳನ್ನು ಓದಿ ತಾನೇ ಕಲಿಯುತ್ತದೆ, ಅಂಥದೇ ಕ್ರಿಯೆಗಳ ಪರೀಕ್ಷೆಯಲ್ಲಿ ಶೇ 90ರಷ್ಟು ಸರಿಯುತ್ತರ ಕೊಡುತ್ತದೆ. ಆದರೆ ಪೇಟೆಂಟುಗಳಲ್ಲಿ ಇರುವುದು ಗೆದ್ದ ಪ್ರಯೋಗಗಳು. ಎರಡು ವರ್ಷ ಗೋದಾಮಿನಲ್ಲಿ ಕುಳಿತ ಮಾತ್ರೆಯಲ್ಲಿ ಸಾವಿರಕ್ಕೆ ಒಂದು ಪಾಲು ಏನಾಯಿತು ಎಂಬುದನ್ನು ಅವು ಹೇಳುವುದಿಲ್ಲ.

ಆ ಸಣ್ಣ ಪಾಲಿನ ಮಹತ್ವವನ್ನು 2018 ಜಗತ್ತಿಗೆ ಕಲಿಸಿತು. ರಕ್ತದೊತ್ತಡದ ವಾಲ್ಸಾರ್ಟನ್ ಅಣುವಿನಲ್ಲಿ ನಾಲ್ಕು ಸಾರಜನಕಗಳ ಟೆಟ್ರಜೋಲ್ ಉಂಗುರವಿದೆ. ಅದನ್ನು ಕಟ್ಟಲು ಸೋಡಿಯಂ ಅಜೈಡ್ ಬಳಸುತ್ತಾರೆ. ಚೀನಾದ ಝೆಜಿಯಾಂಗ್ ಹುವಾಹೈ ಕಂಪನಿ ತಯಾರಿಕೆಯ ವಿಧಾನ ಬದಲಿಸಿ, ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕವನ್ನೂ, ಉಳಿದ ವಿಷಕಾರಿ ಅಜೈಡನ್ನು ನಾಶಮಾಡಲು ಸೋಡಿಯಂ ನೈಟ್ರೈಟನ್ನೂ ಬಳಸತೊಡಗಿತು. ದ್ರಾವಕವೂ ಒಂದು ಅಮೈಡ್, ಅದು ಒಡೆದರೆ ಡೈಮೀಥೈಲ್ ಅಮೀನ್ ಬರುತ್ತದೆ. ಆಮ್ಲದಲ್ಲಿ ನೈಟ್ರೈಟ್ ನೈಟ್ರಸ್ ಆಮ್ಲವಾಗುತ್ತದೆ. ಇಂಥ ಅಮೀನ್‌ಗೆ ನೈಟ್ರಸ್ ಆಮ್ಲ ಸೇರಿದರೆ ನೈಟ್ರೋಸಮೀನ್ ಆಗುತ್ತದೆಂಬುದು ಬಿಎಸ್ಸಿ ಪುಸ್ತಕದ ಪಾಠ. ಹೀಗೆ ಹುಟ್ಟಿದ ಎನ್‌ಡಿಎಂಎ ಎಂಬ ನೈಟ್ರೋಸಮೀನ್, ಇಲಿಗಳಿಗೆ ಯಕೃತ್ತಿನ ಕ್ಯಾನ್ಸರ್ ತರುತ್ತದೆಂದು 1956ರಲ್ಲೇ ಗೊತ್ತಿತ್ತು. ಎಲ್ಲ ಕೊಂಡಿಗಳೂ ತಿಳಿದಿದ್ದವು, ಒಂದಕ್ಕೊಂದು ಜೋಡಿಸಿ ನೋಡಿದವರಿರಲಿಲ್ಲ. ಗ್ರಾಹಕ ಕಂಪನಿಯೊಂದು ತನ್ನ ಪರೀಕ್ಷೆಯಲ್ಲಿ ಗುರುತು ಸಿಗದ ಗೆರೆಯೊಂದನ್ನು ಕಂಡು ಕೇಳಿದ ಮೇಲೆ ವಿಷಯ ಹೊರಬಿತ್ತು, ಹಲವು ದೇಶಗಳಲ್ಲಿ ಮಾತ್ರೆಗಳನ್ನು ವಾಪಸ್ ಪಡೆದರು. ಅಮೆರಿಕದ ಔಷಧ ನಿಯಂತ್ರಕರು ಎನ್‌ಡಿಎಂಎಗೆ ಹಾಕಿದ ಮಿತಿ ದಿನಕ್ಕೆ 96 ನ್ಯಾನೊಗ್ರಾಂ.

ಮರುವರ್ಷ ಸರದಿ ರಾನಿಟಿಡಿನ್‌ನದು. ಹೊಟ್ಟೆಯುರಿಗೆ ರ‍್ಯಾಂಟ್ಯಾಕ್, ಝಿನೆಟ್ಯಾಕ್ ಎಂದು ಕೊಂಡು ನುಂಗುತ್ತಿದ್ದುದು ಇದನ್ನೇ. ಇಲ್ಲಿ ಹೊರಗಿನಿಂದ ಏನೂ ಬರಬೇಕಾಗಿರಲಿಲ್ಲ. ಅಣುವಿನ ಒಂದು ತುದಿಯಲ್ಲಿ ಡೈಮೀಥೈಲ್ ಅಮೀನ್, ಇನ್ನೊಂದು ತುದಿಯಲ್ಲಿ ನೈಟ್ರೋ ಗುಂಪು. ಬಿಸಿ, ತೇವ, ಕಾಲ ಕೂಡಿದಂತೆ ಮಾತ್ರೆಯಲ್ಲೇ ಎನ್‌ಡಿಎಂಎ ಏರುತ್ತಿತ್ತು. ಮನುಷ್ಯರ ದೇಹದೊಳಗೂ ಹೀಗಾಗುತ್ತದೆ ಎಂಬ ಭಯ ಮುಂದಿನ ಪ್ರಯೋಗದಲ್ಲಿ ಸುಳ್ಳಾಯಿತು. ಮಾತ್ರೆಯಲ್ಲಿ ಏರುವುದು ಮಾತ್ರ ನಿಜ. 2020ರ ಏಪ್ರಿಲ್‌ನಲ್ಲಿ ಅಮೆರಿಕ ಅದನ್ನು ಮಾರುಕಟ್ಟೆಯಿಂದ ತೆಗೆಯಲು ಹೇಳಿತು. 2022ರಲ್ಲಿ ಭಾರತದ ಅತ್ಯಗತ್ಯ ಔಷಧಗಳ ಪಟ್ಟಿಯಿಂದಲೂ ಅದು ಹೋಯಿತು. ಅದೇ ವರ್ಷ ಕ್ವಿನಪ್ರಿಲ್ ಎಂಬ ರಕ್ತದೊತ್ತಡದ ಔಷಧದಲ್ಲಿ ಆ ಅಣುವೇ ನೈಟ್ರೋಸಮೀನ್ ಆಗಿ ಬದಲಾದದ್ದು ಕಂಡು, ಫೈಜರ್ ಕಂಪನಿ ಕೆಲವು ಬ್ಯಾಚ್‌ಗಳ ಮಾತ್ರೆಗಳನ್ನು ಹಿಂದಕ್ಕೆ ಪಡೆಯಿತು.

ಮಾತ್ರೆಗೆ ಬೆರೆಸುವ ಸಾಧಾರಣ ಪುಡಿಗಳಲ್ಲೂ ಅತ್ಯಲ್ಪ ನೈಟ್ರೈಟ್ ಇರುತ್ತದೆ. ಔಷಧದಲ್ಲಿ ಒಂದೇ ಹೈಡ್ರೋಜನ್ ಉಳಿಸಿಕೊಂಡ ಅಮೀನ್ ಇದ್ದರೆ ನೈಟ್ರೋಸಮೀನ್ ಹುಟ್ಟಲು ಅಷ್ಟೇ ಸಾಕು. ಈಗ ಕಂಪನಿಗಳು ತಮ್ಮ ಪ್ರತಿ ಔಷಧದ ರಚನೆಯನ್ನು ಮುಂದಿಟ್ಟುಕೊಂಡು ಅಂಥ ಅಮೀನ್ ಇದೆಯೇ ಎಂದು ನೋಡಬೇಕಾಗಿದೆ. 2021ರಲ್ಲಿ ಅಮೆರಿಕದ ನಿಯಂತ್ರಕರು ಎರಡು ದಾರಿ ಸೂಚಿಸಿದರು. ಒಂದು, ಸಿ ವಿಟಮಿನ್ನಿನಂಥ ವಸ್ತುವನ್ನು ಮಾತ್ರೆಗೆ ಸೇರಿಸುವುದು. ಅಮೀನ್‌ಗೆ ಸಿಗುವ ಮೊದಲೇ ನೈಟ್ರೈಟನ್ನು ಅದು ತಾನು ಮುಗಿಸಿಬಿಡುತ್ತದೆ. ಎರಡು, ಸೋಡಿಯಂ ಕಾರ್ಬೊನೇಟ್‌ನಂಥ ಕ್ಷಾರ ಬೆರೆಸಿ, ನೈಟ್ರಸ್ ಆಮ್ಲ ಹುಟ್ಟಲು ಬೇಕಾದ ಆಮ್ಲೀಯತೆಯನ್ನೇ ಇಲ್ಲವಾಗಿಸುವುದು. ಎರಡನೆಯದನ್ನು ಎಲ್ಲ ಔಷಧಕ್ಕೂ ಹಚ್ಚುವಂತಿಲ್ಲ. ಅದೇ ಅಣುವಿನಲ್ಲಿ ಎಸ್ಟರ್ ಇದ್ದರೆ ಕ್ಷಾರ ಅದನ್ನು ಒಡೆಯಬಹುದು. ಯಾವುದನ್ನು ಆರಿಸಿಕೊಂಡರೂ ಹೊಸ ಮಿಶ್ರಣದ ಮಾತ್ರೆಯನ್ನು ಮತ್ತೆ 40 ಡಿಗ್ರಿಯ ಪೆಟ್ಟಿಗೆಯಲ್ಲಿ ಆರು ತಿಂಗಳು ಇಟ್ಟು, ಪ್ರತಿ ತುಂಡಿನ ತೂಕ ನೋಡಬೇಕು.